ಬೇವಿನ ಬುಡದ ಗೋರಿ

ತೀರಿಕೊಂಡವರನ್ನು ನೆನೆಯುವ ಶಬೇಬರಾತ್ ಹತ್ತಿರ ಬಂತೆಂದರೆ ನಾನು ಔರಾದಿನಿಂದ, ನನ್ನ ಫುಪ್ಪು, ಅಂದರೆ ಅಪ್ಪನ ತಂಗಿ, ಭಾಲ್ಕಿಯಿಂದ ಬಸ್ಸು ಹತ್ತಿ ಬೀದರಿಗೆ ಬರುತ್ತೇವೆ. ಕೋಟೆಯಾಚೆಯ ಹಳೆಯ ಖಬರಸ್ತಾನದಲ್ಲಿ ನಮ್ಮ ಹಿರಿಯರ ಗೋರಿಗಳಿಗೆ ಸುಣ್ಣ ಹೊಡೆಯುವುದು ಗಂಡಸರ ಕೆಲಸ. ನಮ್ಮ ಮನೆಯ ಹೆಂಗಸರು ಒಳಗೆ ಬರುವುದಿಲ್ಲ. ಫುಪ್ಪು ಎದೆಮಟ್ಟದ ಗೋಡೆಯಾಚೆ ನಿಂತೇ ಎಲ್ಲರಿಗೂ ಹುಕುಂ ಕೊಡುತ್ತಾಳೆ. ಮನೆಮಾತು ದಖನಿಯಾದರೂ ಜಗಳಕ್ಕೆ ಆಕೆಗೆ ಕನ್ನಡವೇ ಬೇಕು.

ನೂಲಿಗೆ ಬಣ್ಣ ಹಾಕುತ್ತಿದ್ದ ಗಂಡ ಹೆಂಡತಿ ಇಬ್ಬರೇ ನಮ್ಮವರಲ್ಲಿ ಮೊದಲು ಈ ಊರಿಗೆ ಬಂದವರಂತೆ. ಮನೆತನದ ಮೊದಲ ಗೋರಿ ಬೇವಿನ ಬುಡದ್ದು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ದೊಡ್ಡಪ್ಪ ಅದನ್ನು ದೊಡ್ಡಜ್ಜ ಎಂದೇ ಕರೆಯುವುದು. ಮೊದಲ ಚಾದರ, ಮೊದಲ ಹೂ ಅದಕ್ಕೇ.

ಫುಪ್ಪುವಿನ ತಕರಾರು ಬೇರೆ. ಆ ಮೊದಲ ಅಜ್ಜಿಯ ಹೆಸರನ್ನೇ ಆಕೆಗೆ ಇಟ್ಟಿದ್ದಾರೆ. "ಹೆಸರು ನನ್ನ ಬಲ್ಲಿ ಅದ, ಗೋರಿ ಎಲ್ಲಿ ಅದರಿ ಭಾಯಿಜಾನ್?" ಎಂದು ಪ್ರತಿ ವರ್ಷ ಕೇಳುತ್ತಾಳೆ. "ಇಲ್ಲೇ ಎಲ್ಲೋ ಇರ್ತಾಳ, ಬಿಡು," ಎನ್ನುತ್ತಾನೆ ದೊಡ್ಡಪ್ಪ. ಆಗ ಅವಳ ಮುಖ ಸಣ್ಣದಾಗುತ್ತದೆ. ನನಗೆ ಸಿಟ್ಟು ಬರುತ್ತದೆ.

ಕಳೆದ ಸಲ ನಾನೇ ಹುಡುಕಲು ನಿಂತೆ. ನಮ್ಮ ಕಡೆ ಹಳೆಯ ಗೋರಿ ಗುರುತಿಸಲು ಅಕ್ಷರ ಬೇಕಿಲ್ಲ. ಗಂಡಸಿನದಾದರೆ ಮೇಲೆ ಲೇಖನಿ ಇಡುವ ಡಬ್ಬಿಯಂತೆ ಉದ್ದನೆಯ ಉಬ್ಬು, ಹೆಂಗಸಿನದಾದರೆ ಬರೆಯುವ ಪಾಟಿಯಂತೆ ಚಪ್ಪಟೆ. ಚಪ್ಪಟೆ ಗೋರಿಗಾಗಿ ಮುಳ್ಳುಕಂಟಿ ಸರಿಸಿ ಸರಿಸಿ ಅಂಗಿ ಹರಿದುಕೊಂಡೆನೇ ಹೊರತು ಅಷ್ಟು ಹಳೆಯದೊಂದೂ ಸಿಗಲಿಲ್ಲ.

ಸೋತು ಸುಣ್ಣವಾಗಿ, ಕೊನೆಗೆ ಸುಣ್ಣದ ಬಕೆಟ್ಟನ್ನೇ ಹಿಡಿದೆ. ದೊಡ್ಡಜ್ಜನ ಮೇಲಿನ ಹಳೆಯ ಸುಣ್ಣ ಹಪ್ಪಳದಂತೆ ಎದ್ದಿತ್ತು. ಬಿರುಕು ಕಂಡಾಗಲೆಲ್ಲ ದೊಡ್ಡಪ್ಪ ಭಕ್ತಿಯಿಂದ ಗಾರೆ ಮೆತ್ತಿದ್ದೇ ಮೆತ್ತಿದ್ದು, ಅವನಿಗಿಂತ ಮುಂಚೆ ಅವನಪ್ಪ ಮೆತ್ತಿದ್ದ. "ಮೊದ್ಲ ಕೆರೀತೇನ್ರಿ," ಎಂದು ಖುರಪಿ ಹಾಕಿದೆ. ಗಾರೆಯ ಉಬ್ಬಿಗೆ ಉಬ್ಬೇ ಕಳಚಿ ಕೈಗೆ ಬಂತು. ಅಡಿಯಲ್ಲಿ ಕರೀಕಲ್ಲು, ಪಾಟಿಯಂತೆ ಚಪ್ಪಟೆ.

ದೊಡ್ಡಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ನಾನು ಗೋಡೆಯ ಕಡೆ ತಿರುಗಿ, "ಫುಪ್ಪು, ಅಜ್ಜಿ ಸಿಕ್ಳು. ಇಷ್ಟು ವರ್ಷ ಆಕಿಗೇ ಹೂ ಹಾಕೀವಿ," ಎಂದೆ. ಆಕೆ ಸೆರಗು ತಲೆಗೆಳೆದು ಎರಡೂ ಕೈ ಎತ್ತಿದಳು. ಅಳುತ್ತಲೇ ಫಾತೆಹಾ ಓದಿದಳು.

ದೊಡ್ಡಪ್ಪ ಮಾತ್ರ ಮುಳ್ಳುಕಂಟಿಯ ಕಡೆ ನೋಡುತ್ತ ನಿಂತಿದ್ದ. "ಹಂಗಾದ್ರ ದೊಡ್ಡಜ್ಜ ಎಲ್ಲಿದ್ದಾನ?" ಎಂದ.

ಫುಪ್ಪು ಕಣ್ಣೊರೆಸಿಕೊಂಡಳು.

"ಇಲ್ಲೇ ಎಲ್ಲೋ ಇರ್ತಾನ, ಬಿಡ್ರಿ ಭಾಯಿಜಾನ್."