ದೃಷ್ಟಿ ತೆಗೆದ ಸಾಸಿವೆ

ಮೊಟ್ಟೆಯ ಹಿಂದೆ ಮೊಬೈಲಿನ ಟಾರ್ಚ್ ಹಿಡಿದರೆ ಒಳಗೆ ಕೆಂಪು ನರ ಕಾಣಬೇಕು. ಕಂಡರೆ ಮರಿ ಇದೆ, ಕಾಣದಿದ್ದರೆ ಇಲ್ಲ. ನಮ್ಮ ಹಕ್ಕಿ ಮೂರನೇ ಸಲ ಇಟ್ಟ ಐದು ಮೊಟ್ಟೆಗಳಲ್ಲೂ ಕಾಣಲಿಲ್ಲ. ಐದೂ ಸಣ್ಣ ಬಲ್ಬಿನ ಹಾಗೆ ಸುಮ್ಮನೆ ಹೊಳೆದವು.

ನಾನು ನಾಯಂಡಹಳ್ಳಿಯ ಒಂದು ಶೆಡ್ಡಿನಲ್ಲಿ ಗ್ರಿಲ್ ವೆಲ್ಡಿಂಗ್ ಮಾಡುತ್ತೇನೆ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ದೀಪಾಂಜಲಿ ನಗರದಲ್ಲಿ ನಮ್ಮದು ಬಾಡಿಗೆ ಮನೆ. ಅದರ ಟೆರೇಸಿನಲ್ಲಿ ನಾನೇ ವೆಲ್ಡ್ ಮಾಡಿದ ಪಂಜರಗಳಿವೆ.

ತಪ್ಪು ನನ್ನದೇ. ನಮ್ಮ ಕಡೆ ಅಂಗಡಿಗಳಲ್ಲಿ ಲವ್ ಬರ್ಡ್ಸ್ ಎಂದರೆ ಬಡ್ಜಿ ಎಂಬ ಸಣ್ಣ ಗಿಳಿ ಕೊಡುತ್ತಾರೆ. ನಿಜವಾದ ಲವ್ ಬರ್ಡ್ಸಿಗೆ ಆಫ್ರಿಕನ್ ಎನ್ನುತ್ತಾರೆ. ಅದರಲ್ಲಿ ಎಷ್ಟು ಜಾತಿ ಇದ್ದರೂ ಎಲ್ಲಾ ಆಫ್ರಿಕನ್ನೇ. ನಾನೂ ಒಂದು ಆಫ್ರಿಕನ್ ಜೋಡಿ ತಂದೆ. ಹೆಣ್ಣಿನದು ಗುಲಾಬಿ ಮುಖ. ಗಂಡಿನ ಕಣ್ಣಿನ ಸುತ್ತ ಸುಣ್ಣ ಬಳಿದ ಹಾಗೆ ಬಿಳಿ ಬಳೆ. ಗಂಡು ಹೆಣ್ಣು ಎಂದ ಮೇಲೆ ವ್ಯತ್ಯಾಸ ಇರುತ್ತದೆ ಎಂದುಕೊಂಡೆ. ಹುಂಜಕ್ಕೂ ಹೇಂಟೆಗೂ ಇಲ್ಲವೇ?

ಅವುಗಳ ಮರಿಗಳಲ್ಲಿ ಒಂದೇ ಒಂದು ಉಳಿಯಿತು, ಆ ಐದು ಮೊಟ್ಟೆ ಇಟ್ಟದ್ದು ಅದೇ. ಹೆಣ್ಣು. ಮುಖ ಕಿತ್ತಳೆ ಬಣ್ಣ, ಕಣ್ಣಿನ ಬಳೆ ಅರ್ಧ ಅಳಿಸಿದ ಹಾಗೆ. ಶೆಡ್ಡಿನಲ್ಲಿ ಜೊತೆಗೆ ಕೆಲಸ ಮಾಡುವ ಗೆಳೆಯ ನೋಡಿ ಬಾಯಿ ಬಿಟ್ಟ.

"ಮಗಾ, ಇಂಥದ್ದು ಯಾರ ಟೆರೇಸಲ್ಲೂ ಇಲ್ಲ ಕಣೋ. ಇದು ನಿನ್ನದೇ ಬ್ರೀಡು."

ಆ ಮಾತು ತಲೆಗೆ ಹತ್ತಿತು. ನನ್ನದೇ ಒಂದು ಜಾತಿ ಆಗಬೇಕು. ಬೇರೆ ಏನೂ ಬೇಡ ಅನ್ನಿಸಿತು.

ಹಕ್ಕಿಯ ಒಂದು ಅಭ್ಯಾಸ ವಿಚಿತ್ರವಾಗಿತ್ತು. ಅದರ ತಾಯಿ ಗೂಡಿಗೆ ಪೇಪರ್ ಚೂರನ್ನು ಸೊಂಟದ ಪುಕ್ಕದಲ್ಲಿ ಸಿಕ್ಕಿಸಿಕೊಂಡು ಒಯ್ಯುತ್ತಿತ್ತು. ಅಪ್ಪನ ಬಳಗದವು ಕೊಕ್ಕಿನಲ್ಲಿ ಕಚ್ಚಿಕೊಂಡು ಒಯ್ಯುತ್ತವೆ. ಇದು ಪೇಪರನ್ನು ಪುಕ್ಕಕ್ಕೆ ಸಿಕ್ಕಿಸಲು ಹೋಗುತ್ತಿತ್ತು, ಬಿಡುವುದು ಗೊತ್ತಾಗದೆ ಮತ್ತೆ ಎಳೆಯುತ್ತಿತ್ತು, ಬೀಳಿಸುತ್ತಿತ್ತು. ಒಂದು ಚೂರಿಗೆ ಹತ್ತು ಸಲ ಒದ್ದಾಟ.

ಬಿಳಿ ಬಳೆಯ ಬೇರೊಂದು ಗಂಡನ್ನು ಇದಕ್ಕೆ ಜೋಡಿ ಮಾಡಿದೆ. ಅದು ಮೊದಲೇ ಬೇರೆ ಹೆಣ್ಣಿನ ಜೊತೆ ಮರಿ ಮಾಡಿದ್ದ ಗಂಡು. ಕಾಳು ಬದಲಾಯಿಸಿದೆ, ಕ್ಯಾಲ್ಸಿಯಂ ಕೊಟ್ಟೆ. ಮೂರು ಸಲವೂ ಮೊಟ್ಟೆ ಖಾಲಿ.

ಆ ಭಾನುವಾರ ಅಮ್ಮ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ, ಸಾಸಿವೆ ಹಿಡಿದು ಟೆರೇಸಿಗೆ ಬಂದಳು. ಟೆರೇಸಿನ ಒಂಟಿ ರೂಮಿನಲ್ಲಿ ಬಾಡಿಗೆಗಿರುವ ಅಕ್ಕ ಬಟ್ಟೆ ಒಣಗಿಸುತ್ತಿದ್ದರು. ಅವರು ನಾಗರಬಾವಿ ಕಡೆಯ ಕ್ಯಾಂಪಸ್ಸಿನಲ್ಲಿ ಗಿಡಗಳ ಬಗ್ಗೆ ಓದುವವರು.

"ಆಂಟಿ, ಏನ್ ಮಾಡ್ತಿದೀರಾ?"

"ಕಣ್ಣು ಬಿದ್ದಿದೆ ಕಣಮ್ಮ. ಇವನ ಫ್ರೆಂಡು ಬಂದು ನುಂಗೋ ಹಂಗೆ ನೋಡ್ದ. ಅವನ ಕಣ್ಣಿಗಿಷ್ಟು."

ಅಕ್ಕ ಪಂಜರದ ಹತ್ತಿರ ಬಂದು ಅಪ್ಪ ಅಮ್ಮ ಯಾವುವು ಎಂದು ಕೇಳಿದರು. ತೋರಿಸಿದೆ.

"ಇವು ಬೇರೆ ಬೇರೆ ಜಾತಿ ಕಣೋ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಥರ ಇದು. ಗಟ್ಟಿಯಾಗಿರುತ್ತೆ, ಮರಿ ಆಗಲ್ಲ."

ನನಗೆ ಸಿಟ್ಟು ಬಂತು. "ಹಂಗಾದ್ರೆ ಮಿಕ್ಸ್ ಆಗಿ ಹೊಸ ಜಾತಿ ಹುಟ್ಟೋದೇ ಇಲ್ವಾ ಅಕ್ಕ?"

"ಯಾಕಿಲ್ಲ? ಆಂಟಿ ಕೈಯಲ್ಲೇ ಇದೆ."

ಅಮ್ಮ ಗಾಬರಿಯಿಂದ ಮುಷ್ಟಿ ಬಿಚ್ಚಿದಳು.

"ಈ ಸಾಸಿವೆ. ಕರಿ ಸಾಸಿವೆಯ ಒಂದು ಹಳೇ ಜಾತಿ, ಟರ್ನಿಪ್ ಗೆಡ್ಡೆ ಜಾತಿ, ಎರಡೂ ಯಾವತ್ತೋ ಬೆರೆತು ಹುಟ್ಟಿದ್ದು. ಈಗ ಇದೇ ಒಂದು ಜಾತಿ."

"ಅದು ಬೀಜ ಕಟ್ಟುತ್ತೆ. ನಮ್ದು ಯಾಕಿಲ್ಲ?"

ಅಕ್ಕ ಕ್ರೋಮೋಸೋಮ್ ಎಂದು ಶುರು ಮಾಡಿದರು. "ನಂಗೆ ಅರ್ಥ ಆಗೋ ಹಂಗೆ ಹೇಳಿ" ಎಂದೆ.

"ಇದು ಒಳ್ಳೇ ಮೊಟ್ಟೆ ಮಾಡ್ಬೇಕಾದ್ರೆ, ಇದರೊಳಗೆ ಅಪ್ಪನಿಂದ ಬಂದ ಸಾಮಾನು, ಅಮ್ಮನಿಂದ ಬಂದ ಸಾಮಾನು ಒಂದಕ್ಕೊಂದು ಜೋಡಿ ಕೂರ್ಬೇಕು. ಕೂರ್ತಿಲ್ಲ."

"ಇಂಚಿನ ಬೋಲ್ಟಿಗೆ ಎಂಎಂ ನಟ್ ಹಾಕ್ದಂಗಾ? ಎರಡು ಸುತ್ತು ಹೋಗಿ ಜಾಮ್ ಆಗುತ್ತೆ."

"ಅದೇ! ಸಾಸಿವೇಲಿ ಎಲ್ಲಾ ಸಾಮಾನೂ ಒಂದ್ಸಲ ತಪ್ಪಿ ಡಬಲ್ ಆಗೋಯ್ತು."

ಥಟ್ಟನೆ ಹೊಳೆಯಿತು. "ಆಗ ಇಂಚಿಗೆ ಇಂಚು, ಎಂಎಂಗೆ ಎಂಎಂ."

ಅಕ್ಕ ನಕ್ಕರು. "ಇಷ್ಟು ಸಲೀಸಾಗಿ ನಮ್ಮ ಕ್ಲಾಸಲ್ಲೂ ಯಾರೂ ಹೇಳಿಲ್ಲ."

"ಹಕ್ಕಿ ಡಬಲ್ ಆಗಲ್ವಾ?"

"ಹಂಗೆ ಡಬಲ್ ಆಗಿ ಜಾತಿಯಾಗಿ ಉಳಿದ ಹಕ್ಕಿ ನಾನು ಕೇಳಿಲ್ಲ. ಹಕ್ಕೀಲಿ ದಾರಿ ಬೇರೆ. ಎರಡು ಜಾತಿ ತುಂಬಾ ಹತ್ತಿರ ಇದ್ರೆ ಮರಿಗೂ ಮರಿ ಆಗುತ್ತೆ. ಆ ಮಿಕ್ಸ್ ಮರಿಗಳು ಅಪ್ಪನ ಕಡೆಗೂ ಅಮ್ಮನ ಕಡೆಗೂ ಹೋಗ್ದೆ ತಮ್ಮಲ್ಲೇ ಜೋಡಿ ಆಗ್ತಾ ಹೋದ್ರೆ, ಹೊಸ ಜಾತಿ. ಸಮುದ್ರದ ಮಧ್ಯೆ ಒಂದು ದ್ವೀಪದಲ್ಲಿ ಹಂಗಾಗಿದೆ. ನಿನ್ನ ಜೋಡಿ ಅಷ್ಟು ಹತ್ತಿರದ್ದಲ್ಲ."

"ಹಂಗಾದ್ರೆ ಕಣ್ಣು ಬಿದ್ದಿಲ್ವಾ?" ಎಂದಳು ಅಮ್ಮ.

"ಇಲ್ಲ ಆಂಟಿ."

"ಇರ್ಲಿ ಬಿಡು, ತಂದಾಗಿದೆ" ಎಂದು ಪಂಜರಕ್ಕೆ ಮೂರು ಸುತ್ತು ನೀವಾಳಿಸಿದಳು.

ನೀವಾಳಿಸಿದ್ದನ್ನು ಬೆಂಕಿಗೆ ಹಾಕಬೇಕು, ಇಟ್ಟುಕೊಳ್ಳಬಾರದು. ಅಮ್ಮ ಕೆಂಡಕ್ಕೆ ಸುರಿಯುವ ಮೊದಲು ನಾನು ಒಂದು ಚಿಟಿಕೆ ಸಾಸಿವೆ ಕದ್ದೆ. ಅಕ್ಕನ ಮಾತು ನಿಜವೋ ನೋಡಬೇಕಿತ್ತು. ಒಡೆದ ಪೇಂಟ್ ಬಕೆಟ್ಟಿಗೆ ಮಣ್ಣು ಹಾಕಿ ಬಿತ್ತಿದೆ.

ಖಾಲಿ ಮೊಟ್ಟೆ ಕಿತ್ತರೆ ಹಕ್ಕಿ ಮತ್ತೆ ಮೊಟ್ಟೆ ಇಡುತ್ತದೆ, ಮೈ ಸೋಲುತ್ತದೆ. ಹಾಗಾಗಿ ಮುಟ್ಟಲಿಲ್ಲ. ಅದು ವಾರಗಟ್ಟಲೆ ಕಾವು ಕೊಟ್ಟು, ಬೇಸತ್ತು ತಾನೇ ಎದ್ದು ಬಂತು. ಆಮೇಲೆ ಮತ್ತೆ ಮೊಟ್ಟೆ ಇಡದಿರಲಿ ಎಂದು ಗೂಡಿನ ಡಬ್ಬ ಬಿಚ್ಚಿ ಕೆಳಗಿಟ್ಟೆ. ಗೆಳೆಯ ಕೇಳಿದ, "ಏನ್ ಗುರು, ಬ್ರೀಡು?"

"ಇದೊಂದೇ. ಇದರ ಜೊತೆಗೇ ಮುಗೀತು."

"ನಂಗೆ ಕೊಟ್ಬಿಡೋ ಹಂಗಾದ್ರೆ."

"ಹೋಗಲೋ."

ಸಾಸಿವೆ ಮಾತ್ರ ಹಳದಿ ಹೂ ಬಿಟ್ಟಿತು, ಕಾಯಿ ಕಟ್ಟಿತು. ಒಣಗಿದ ಕಾಯಿ ಉಜ್ಜಿ ಕಾಳು ಬಿಡಿಸಿ ಅದೇ ಬಕೆಟ್ಟಿಗೆ ಮತ್ತೆ ಹಾಕಿದೆ. ನಾಲ್ಕನೇ ದಿನ ಮೊಳಕೆ ಬಂತು. ಬಗ್ಗಿ ಬಹಳ ಹೊತ್ತು ನೋಡಿದೆ.

ಹಳೇ ಗಿಡದ ಒಂದು ಕಡ್ಡಿಯನ್ನು ಹಕ್ಕಿಗೆ ಕೊಟ್ಟೆ. ಅದು ಸಿಪ್ಪೆ ಸೀಳಿ ಪುಕ್ಕಕ್ಕೆ ಸಿಕ್ಕಿಸಲು ಕತ್ತು ತಿರುಗಿಸಿತು, ಅರ್ಧಕ್ಕೇ ನಿಲ್ಲಿಸಿತು. ಕೊಕ್ಕಿನಲ್ಲೇ ಕಚ್ಚಿಕೊಂಡು ಹಾರಿತು. ಡಬ್ಬ ಇದ್ದ ಜಾಗದಲ್ಲಿ ಸರಳು ಹಿಡಿದು ಕೂತು, ನನ್ನ ಕಡೆ ನೋಡಿತು.