ಕಾಕಾನ ಮರಾಠಿ

ಕುರಿಹಿಂಡು ದಾಟಿ ಹೋಗಲಿ ಎಂದು ಡ್ರೈವರ್ ಬಸ್ಸು ನಿಲ್ಲಿಸಿ, ನಿಶ್ಚಿಂತೆಯಿಂದ ಬೀಡಿ ಹಚ್ಚಿಕೊಳ್ಳುತ್ತಿದ್ದ ಕಾಲ ಅದು. ಎಂಬತ್ತರ ದಶಕದ ನಡುಭಾಗ. ರಾಯಬಾಗದ ಸುತ್ತ ಪಂಪ್‌ಸೆಟ್ಟುಗಳು ಬಂದು, ನಮ್ಮ ಕುರಿ ಮೇಯುತ್ತಿದ್ದ ಬೀಳು ಹೊಲಗಳೆಲ್ಲ ಒಂದೊಂದಾಗಿ ಕಬ್ಬಿನ ಗದ್ದೆಗಳಾಗತೊಡಗಿದ್ದವು. ಕಬ್ಬಿನವರಿಗೆ ನಮ್ಮನ್ನು ಕಂಡರಾಗುತ್ತಿರಲಿಲ್ಲ. ಹಾಗಾಗಿ ಆ ಬೇಸಿಗೆ ಅಪ್ಪ ಮೊದಲ ಸಲ ಹಿಂಡನ್ನು ನಿಪ್ಪಾಣಿ ದಾಟಿಸಿ ಪಡುವಣ ಗುಡ್ಡಗಳ ಕಡೆ ಹೊಡೆದ. ನನಗೆ ಶಾಲೆ ಸೂಟಿ. ಅವ್ವ ಅಜ್ಜಿಯನ್ನು ನೋಡಿಕೊಂಡು ಊರಲ್ಲೇ ಉಳಿದಳು. ಅಪ್ಪ, ಕಾಕಾ, ಚಿಗವ್ವ ಮತ್ತು ನಾನು, ಸಾಮಾನು ಹೊರುವ ಒಂದು ಕುದುರೆಯೊಡನೆ ಹೊರಟೆವು.

ಅಪ್ಪನ ತಮ್ಮ ಮಾಳಪ್ಪ ನನ್ನ ಕಾಕಾ. ಅವನ ಹೆಂಡತಿ ರತ್ನವ್ವ ಚಿಗವ್ವ ನಮ್ಮ ಮನೆಗೆ ಬಂದು ಎರಡು ದೀಪಾವಳಿಯೂ ಆಗಿರಲಿಲ್ಲ. ಅವಳು ನನಗೆ ಚಿಗವ್ವ ಅನ್ನುವುದಕ್ಕಿಂತ ಗೆಳತಿ. ಹಿಂಡು ನೆರಳಿಗೆ ನಿಂತ ಹೊತ್ತಿನಲ್ಲಿ ಐದು ಕಲ್ಲು ಆರಿಸಿ ಆಟ ಹೂಡುವಳು, ಸೋತರೆ ಮುನಿಸಿಕೊಳ್ಳುವಳು. ಹೊಸದಾಗಿ ಈದ ಕುರಿಯ ಗಿಣ್ಣ ಕಾಸಿ, ಬೆಲ್ಲ ಹಾಕಿ, ಅಪ್ಪನಿಗೆ ಕಾಣದಂತೆ ಮೊದಲ ತುತ್ತು ನನ್ನ ಬಾಯಿಗೆ ಇಡುವಳು. ಅವಳ ಸೆರಗಿಗೆ ಕಂಬಳಿಯ ವಾಸನೆಯೂ ಗಿಣ್ಣದ ವಾಸನೆಯೂ ಕೂಡಿ ಇರುತ್ತಿತ್ತು.

ಗುಡ್ಡದವರ ಮಾತೆಲ್ಲ ಮರಾಠಿ. ಅಪ್ಪನಿಗೆ ಅದರ ಗಂಧಗಾಳಿ ಇರಲಿಲ್ಲ. ಕಾಕಾ ಮಾತ್ರ ಕೆಲವು ತಿಂಗಳು ನಿಪ್ಪಾಣಿಯ ತಂಬಾಕು ವಖಾರಿಯಲ್ಲಿ ಹಮಾಲಿ ಮಾಡಿ ಬಂದಿದ್ದ. ಅಲ್ಲಿ ಚೀಲ ಹೊತ್ತದ್ದಕ್ಕಿಂತ ಹೆಚ್ಚು ಮರಾಠಿ ಹೊತ್ತು ತಂದಿದ್ದೇನೆಂಬ ಜಂಬ ಅವನದು. ನಾಲ್ಕು ಮನೆಗಳ ಒಂದು ವಾಡಿಯಲ್ಲಿ ಮಜ್ಜಿಗೆ ಕೇಳಲು ಹೋಗಿ, 'ತಾಕ ಆಹೆ ಕಾ' ಅನ್ನುವ ಬದಲು 'ತಾಕತ್ ಆಹೆ ಕಾ' ಎಂದುಬಿಟ್ಟ. ಮನೆಯ ಮುದುಕಿ ರಟ್ಟೆ ಎತ್ತಿ ತನ್ನ ಶಕ್ತಿ ತೋರಿಸಿ, ನಕ್ಕು ನಕ್ಕು ಸುಸ್ತಾಗಿ, ಕೊನೆಗೆ ತಂಬಿಗೆ ತುಂಬ ಮಜ್ಜಿಗೆ ಕೊಟ್ಟಳು.

"ನಿಮ್ಮ ಮರಾಠಿ ಕೇಳಿ ಕುದರಿನೂ ನಗತೈತ್ರಿ" ಎಂದಳು ಚಿಗವ್ವ.

"ಮಜ್ಜಗಿ ಬಂತಿಲ್ಲ? ಮತ್ತ?" ಎಂದ ಕಾಕಾ.

ನಮಗೆ ಗೊತ್ತಿರದಿದ್ದದ್ದು ಆ ಗುಡ್ಡಗಳ ಬೆಂಕಿ. ಬೇಸಿಗೆಯಲ್ಲಿ ಅಲ್ಲಿ ಸೊಂಟದೆತ್ತರದ ಹುಲ್ಲು ಒಣಗಿ ನಿಂತಿರುತ್ತದೆ. ಯಾರೋ ಹೊಲ ಸುಡಲು ಹಚ್ಚಿದ ಕಿಡಿ ಗುಡ್ಡಕ್ಕೆ ಹತ್ತಿದರೆ ಮುಗಿಯಿತು. ಅದಕ್ಕೆ ಅವರು 'ವಣವಾ' ಅನ್ನುತ್ತಿದ್ದರು. ಆ ಒಂದು ಮಾತನ್ನು ಅಪ್ಪನೂ ಕಲಿತ. ಅಲ್ಲಿಯ ಒಬ್ಬ ಮುದುಕ ಕುರುಬ ಕೈಸನ್ನೆಯಲ್ಲೇ ಹೇಳಿಕೊಟ್ಟದ್ದನ್ನು ಅವನು ದಿನವೂ ರುಮಾಲು ಸುತ್ತುವಾಗ ನಮಗೆ ಒಪ್ಪಿಸುತ್ತಿದ್ದ. "ಬೆಂಕಿ ಏರು ಹತ್ತುವಾಗ ಓಡತೈತಿ, ಅದರ ಮ್ಯಾಲಿನ ಕಡೆ ಇರಬ್ಯಾಡ್ರಿ. ಬಿಸಲ ಏರಿ ಗಾಳಿ ಎದ್ದ ಮ್ಯಾಲೆ ಹುಲ್ಲಿಗಿ ಇಳಿಬ್ಯಾಡ್ರಿ. ಎದುರು ಬಂದವರನ್ನ ಕೇಳದ ಮುಂದ ಹೋಗಬ್ಯಾಡ್ರಿ. ಏನರ ಆತು ಅಂದ್ರ ಸುಟ್ಟ ಕರೇ ನೆಲದಾಗ ಹೋಗಿ ನಿಂದರ್ರಿ, ಒಮ್ಮಿ ಸುಟ್ಟದ್ದು ಮತ್ತ ಸುಡೂದಿಲ್ಲ."

ಅವತ್ತು ಬೆಳಿಗ್ಗೆ ನಾವು ಒಂದು ಇಳಿಜಾರಿನ ನೆತ್ತಿಯಲ್ಲಿದ್ದೆವು. ನೀರು ಇದ್ದದ್ದು ಕೆಳಗಿನ ಹಳ್ಳದಲ್ಲಿ. ಕುರಿಗಳು ಬಾಯಾರಿ ಒದರುತ್ತಿದ್ದವು. ಹೊಗೆ ಎಲ್ಲ ಕಡೆಗೂ ಇತ್ತು. ಹಿಂದಿನ ದಿನ ಪಕ್ಕದ ಬೋರೆಗುಡ್ಡ ಸುಟ್ಟು ಕರ್ರಗಾಗಿತ್ತು, ಅದರದೇ ಹೊಗೆಯೋ, ಬೇರೆಯದೋ ತಿಳಿಯುತ್ತಿರಲಿಲ್ಲ. ಅಪ್ಪ ಅನುಮಾನಿಸಿ ನಿಂತ. ಎದುರು ಗುಡ್ಡದ ಅಂಚಿನಲ್ಲಿ ಒಬ್ಬ ಮನುಷ್ಯ ಕಾಣಿಸಿ, ಎರಡೂ ಕೈ ಬಾಯಿಗೆ ಹಿಡಿದು ಏನೋ ಕೂಗಿದ.

"ಏನಂತಾನ ಕೇಳಲೇ" ಎಂದ ಅಪ್ಪ.

ಕಾಕಾ ನನ್ನ ಕೈಹಿಡಿದು ಬಂಡೆಯ ಮೇಲೆ ಹತ್ತಿ, ಕಿವಿಗೆ ಅಂಗೈ ಹಚ್ಚಿದ. ಗಾಳಿ ಅರ್ಧ ಮಾತನ್ನು ತಿಂದು ಅರ್ಧ ಕೊಟ್ಟಿತು. ನನಗೂ ಕೇಳಿಸಿತು. "ವಣವಾ... ಖಾಲೀ..." ಮತ್ತೆ ಇನ್ನೊಮ್ಮೆ, "ಖಾಲೀ..."

ಕಾಕಾನ ಮುಖ ಅರಳಿತು. ವಖಾರಿಯಲ್ಲಿ ದಿನಬೆಳಗಾದರೆ ಟ್ರಕ್ ಖಾಲೀ, ಚೀಲ ಖಾಲೀ ಎಂದು ಕೇಳಿದವನು ಅವನು. ಖಾಲಿ ಅಂದರೆ ನಮ್ಮಲ್ಲೂ ಖಾಲಿಯೇ ಅಲ್ಲವೇ. "ಬೆಂಕಿ ಖಾಲಿ ಆಗೇತಿ ಅಂತಾನ ಅಣ್ಣಾ. ಆರೇತಿ. ನಡೀರಿ" ಎಂದ.

ಕುದುರೆಯ ಬೆನ್ನಿನ ಬಲೆಯಲ್ಲಿ ಎಳೆಯ ಮರಿಗಳಿದ್ದವು. ಕುದುರೆ ನಿಧಾನವೆಂದು ಯಾವಾಗಲೂ ಮೊದಲು ಹೊರಡುವವರು ಚಿಗವ್ವ ಮತ್ತು ನಾನು. ಇಳಿಜಾರಿನ ಅರ್ಧಕ್ಕೆ ಬಂದಿದ್ದೆವು. ಕೆಳಗಿನಿಂದ ಒಣ ಎಲೆ ತುಳಿದಂತೆ ಸದ್ದು ಬಂತು. ಆಮೇಲೆ ಬಿಸಿ ಗಾಳಿ, ಅದರ ಹಿಂದೆ ಬೆಂಕಿ. ಚಿಗವ್ವ ಲಗಾಮು ಬಿಟ್ಟು ನನ್ನ ರಟ್ಟೆ ಹಿಡಿದು ಅಡ್ಡಕ್ಕೆ ಎಳೆದುಕೊಂಡು ಓಡಿದಳು. ಸುಟ್ಟ ಬೋರೆಯ ಮೇಲೆ ನನ್ನನ್ನು ನಿಲ್ಲಿಸಿ, "ಕರೇ ನೆಲಾ ಬಿಟ್ಟ ಕದಲಬ್ಯಾಡ ಲಕ್ಕಿ. ಮರಿ ಬಿಚ್ಚಿ ಬಂದ್ನಿ" ಎಂದು ತಿರುಗಿದಳು. ನಾನು ಕದಲಲಿಲ್ಲ. ಬೂದಿ ಕಾಲಿಗೆ ಬೆಚ್ಚಗಿತ್ತು.

ಕುದುರೆ ಬಂತು. ಮರಿಗಳೂ ಬಂದವು. ಅಪ್ಪ ಹಿಂಡನ್ನು ತಿರುಗಿಸಿ ಕರೇ ನೆಲಕ್ಕೆ ತಂದ. ಚಿಗವ್ವ ಕಾಕಾನ ಹೆಗಲ ಮೇಲೆ ಬಂದಳು. ಅವಳನ್ನು ಒಂದು ಹಾಲಿನ ಗಾಡಿಯಲ್ಲಿ ಪಟ್ಟಣದ ದವಾಖಾನೆಗೆ ಒಯ್ದರು. ಕಾಕಾ ಒಬ್ಬನೇ ಜೊತೆಗೆ ಹೋದ, ಒಬ್ಬನೇ ಮರಳಿದ. ನನಗೆ ಯಾರೂ ಏನೂ ಹೇಳಲಿಲ್ಲ. ನಾನು ಐದು ಕಲ್ಲು ಹಿಡಿದುಕೊಂಡು ಅವಳ ದಾರಿ ಕಾಯುತ್ತ ಕುಳಿತಿದ್ದೆ.

ಅಂದಿನಿಂದ ಕಾಕಾ ಮರಾಠಿ ಬಿಟ್ಟ. ಬದಲಿಗೆ ಆ ಕೂಗಿದವನನ್ನು ಬೈಯುವುದು ಹಿಡಿದ. ಉಣ್ಣುವಾಗ, ಕುರಿಯ ಉಣ್ಣೆ ಕತ್ತರಿಸುವಾಗ, ಸುಮ್ಮನೆ ಕೂತಾಗ. "ಆ ಮಗಾ ಖಾಲಿ ಅಂದಾ. ಸುಳ್ಳ ಹೇಳಿ ನನ್ನ ಮನೀ ಮುರದಾ." ಮನೆಯವರೆಲ್ಲ ದನಿಗೂಡಿಸಿದೆವು. ಹೆಸರೇ ಗೊತ್ತಿಲ್ಲದ ಒಬ್ಬ ಮನುಷ್ಯನನ್ನು ನಾನು ಬೆಳೆಯುವಷ್ಟು ಕಾಲವೂ ಶಪಿಸಿದೆ.

ತೊಂಬತ್ತರ ದಶಕದಲ್ಲಿ ನನ್ನನ್ನು ನಿಪ್ಪಾಣಿಗೆ ಕೊಟ್ಟರು. ಆ ಮನೆಯಲ್ಲಿ ಕನ್ನಡಕ್ಕೆ ಸಮನಾಗಿ ಮರಾಠಿ. ಹೋದ ಹೊಸತರಲ್ಲಿ ನಾನು ತಾಟು ಹಿಡಿದು ನಿಂತೇ ಇದ್ದಾಗ ಅತ್ತೆ, "ಖಾಲೀ ಬಸ್ ಗ" ಎಂದು ನೆಲ ತೋರಿಸಿದರು. ನನಗೆ ತಿಳಿಯಲಿಲ್ಲ. "ಕೆಳಗ ಕುಂದರವಾ" ಎಂದು ಕನ್ನಡದಲ್ಲಿ ಹೇಳಿದರು. ತಾಟು ಕೈಯಲ್ಲೇ ಉಳಿಯಿತು. ಖಾಲೀ ಅಂದರೆ ಕೆಳಗೆ. ಬೆಂಕಿ ಕೆಳಗಿದೆ ಎಂದು ಅವನು ಗಂಟಲು ಹರಿಯುವಂತೆ ಕೂಗಿದ್ದ.

ಇದನ್ನು ಕಾಕಾನಿಗೆ ಹೇಳುವ ಎದೆ ನನಗಿರಲಿಲ್ಲ. ತವರಿಗೆ ಹೋದಾಗಲೆಲ್ಲ ಅವನ ಬೈಗುಳ ಕೇಳಿಯೂ ಕೇಳದಂತೆ ಇರುತ್ತಿದ್ದೆ. ಒಮ್ಮೆ ಅವನೇ ನಿಪ್ಪಾಣಿಗೆ ಬಂದ, ಶೇಂಗಾ ಹೋಳಿಗೆಯ ಗಂಟು ಹಿಡಿದು. ನನ್ನ ಮಗಳಿಗೆ ಆಗ ಮಾತು ಹೊಸದು. ಬಾಗಿಲಲ್ಲಿ ನಿಂತಿದ್ದ ಅಜ್ಜನ ಧೋತರ ಜಗ್ಗಿ, "ಆಬಾ, ಖಾಲೀ ಬಸಾ" ಅಂದಳು.

ಕಾಕಾ ನೆಲದ ಮೇಲೆ ಕುಳಿತ.

ನಾನೂ ಎದುರಿಗೆ ಕುಳಿತೆ. "ಕಾಕಾ, ನಿನಗ ತಿಳೀತೈತಾ?"

"ಅವತ್ತ ತಿಳದೈತಿ" ಎಂದ. "ದವಾಖಾನ್ಯಾಗ ಆಕಿ ಕಾಟಿನ ಮ್ಯಾಲಿದ್ಲು. ನಾ ನಿಂತ ಇದ್ನಿ. ನರ್ಸಬಾಯಿ ಖಾಲೀ ಬಸಾ ಅಂತ ನೆಲಾ ತೋರಿಸಿದ್ಲು. ಕುಂತ್ನಿ. ಕುಂತ ಮ್ಯಾಲೆ ತಿಳೀತು."

"ಮತ್ತ ಅವನ್ನ ಯಾಕ ಬೈತಿದ್ದಿ?"

"ಯಾರನ್ನರ ಬೈಬೇಕಿತ್ತಲ್ಲವಾ. ನಿಮ್ಮಪ್ಪ ಅಂತೂ ನನಗ ಒಂದ ಮಾತ ಅನಲಿಲ್ಲ." ಮಗಳ ತಲೆ ಸವರುತ್ತ ಮತ್ತೆ ಅವನೇ ಹೇಳಿದ. "ಆಕಿಗಿ ಹೇಳಿದ್ನಿ ಲಕ್ಕಿ. ಖಾಲೀ ಅಂದ್ರ ಕೆಳಗ ಅಂತಂತ, ನಾ ತಪ್ಪ ತಿಳಕೊಂಡ್ನಿ ಅಂತ. ಕಣ್ಣ ತಗದ್ಲು. 'ನಿಮ್ಮ ಮರಾಠಿ' ಅಂದ್ಲು. ನಕ್ಕಳು. ಅಷ್ಟ."

ಈಗ ಕಾಕಾ ಇಲ್ಲ. ಹಿಂಡು ಮಾರಿ ಬಹಳ ಕಾಲವಾಯಿತು. ರಾಯಬಾಗದ ರಸ್ತೆಯ ಎರಡೂ ಬದಿಗೆ ಕಬ್ಬು ನಿಂತಿದೆ, ಬಸ್ಸು ಯಾರಿಗಾಗಿಯೂ ತಡೆಯುವುದಿಲ್ಲ. ಗಿಣ್ಣ ಡೇರಿಯಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಗುತ್ತದೆ. ತಂದು ತಿಂದು ನೋಡಿದ್ದೇನೆ, ಕಂಬಳಿಯ ವಾಸನೆ ಇಲ್ಲ. ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಚೊಕ್ಕ ಮರಾಠಿ ಕೇಳುತ್ತೇನೆ, ನಾನೂ ಆಡುತ್ತೇನೆ. ಮಜ್ಜಿಗೆ ಬೇಕಾದರೆ ತಾಕತ್ತು ಕೇಳುವವನು ಇಲ್ಲ, ಅವನ ಮಾತಿಗೆ ಕುದುರೆಯ ಪಕ್ಕ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿ ನಗುವವಳೂ ಇಲ್ಲ.