ನಾಲ್ಕನೆಯ ಮೂಲೆಯ ‘ಹೂಂ’

ಹಳೆಯ ಕಾರಿನ ಬಾಡಿಯನ್ನು ಚಾಸಿಯಿಂದ ಬಿಡಿಸಿ ಮೇಲೆತ್ತುವಾಗ ಜೀಡಿಮೆಟ್ಲಾದ ನಮ್ಮ ಶೆಡ್ಡುಗಳಲ್ಲಿ ಒಂದು ರಿವಾಜಿದೆ. ನಾಲ್ಕು ಮೂಲೆಗೆ ನಾಲ್ಕು ಜನ ಕೈಕೊಟ್ಟು ನಿಲ್ಲಬೇಕು. ಪ್ರತಿಯೊಬ್ಬನೂ ತನ್ನ ಮೂಲೆ ನೋಡಿ ‘ಹೂಂ’ ಅಂದ ಮೇಲೆಯೇ ಮೇಲಿನ ಕಪ್ಪಿಯ ಚೈನ್ ಎಳೆಯಬೇಕು. ಒಬ್ಬ ಬಾಯಿ ಬಿಡದಿದ್ದರೂ ಎಳೆಯುವಂತಿಲ್ಲ.

ನನಗೆ ಟಿಂಕರಿಂಗ್ ಕಲಿಸಿದ ಉಸ್ತಾದ್ ನಮ್ಮ ಬೀದರ ಕಡೆಯವನೇ. ಈಗ ಏಕವಚನದಲ್ಲಿ ಬರೆಯುತ್ತಿದ್ದೇನೆ. ಆಗ ‘ರಿ’ ಬಿಟ್ಟು ಮಾತಾಡಿದವನಲ್ಲ. ಒಮ್ಮೆ ಅವನ ಶೆಡ್ಡಿಗೆ ಮೇಲೆ ತಗಡಿಲ್ಲದ, ಬಟ್ಟೆ ಹೊದಿಕೆಯ ಕಾರು ಬಂತು. ಇಂಥ ಬಾಡಿಗೆ ಬಾಗಿಲಿನ ಜಾಗದಲ್ಲಿ ಅಡ್ಡ ಪೈಪು ವೆಲ್ಡ್ ಮಾಡದೆ ಎತ್ತಿದರೆ ನಡು ಜೋತುಬೀಳುತ್ತದೆ. ಕಾರಿನ ಮಾಲೀಕರು ಬಂದು ನಿಂತದ್ದೇ ತಡ, ಉಸ್ತಾದನಿಗೆ ಅವಸರ ಹತ್ತಿತು. ಒಂದೇ ಕಡೆ ಪೈಪು ಹಾಕಿ ಎಲ್ಲರನ್ನೂ ನಿಲ್ಲಿಸಿದ. ನನ್ನ ಮೂಲೆಯಲ್ಲಿ ಬಾಗಿಲ ಕೆಳಗಿನ ಪಟ್ಟಿಯನ್ನು ತುಕ್ಕು ತಿಂದಿತ್ತು. ಎತ್ತಬೇಡಿ ಎಂದೆ. ಎತ್ತಿಸಿದ. ನಡು ಬಾಗಿತು, ಆ ಬಾಗಿಲು ಮತ್ತೆ ಸರಿಯಾಗಿ ಕೂರಲಿಲ್ಲ.

ಮಾಲೀಕರು ಕೆಂಡವಾದರು. ಉಸ್ತಾದ್ ನನ್ನ ಕಡೆ ಕೈ ತೋರಿಸಿ, “ಇವನೇ ಹೂಂ ಅಂದಾನ್ರಿ” ಅಂದ.

ಉಳಿದ ಮೂವರು ನೆಲ ನೋಡಿದರು. ಆಮೇಲೆ ಆ ಸಾಲಿನ ಯಾವ ಶೆಡ್ಡಿನಲ್ಲೂ ನನ್ನ ಮಾತನ್ನು ನಂಬಿ ಯಾರೂ ನನ್ನನ್ನು ಮೂಲೆಗೆ ನಿಲ್ಲಿಸಲಿಲ್ಲ. ಎಂಟು ವರ್ಷ ಹುಡುಗರ ಜೊತೆ ಪೇಂಟಿಗೆ ಮುಂಚಿನ ಪುಟ್ಟಿ ಉಜ್ಜಿದೆ. ಉಜ್ಜಿದಷ್ಟೂ ಹೊಟ್ಟೆ ಉರಿಯಿತು.

ಕೊನೆಗೆ ನನ್ನದೇ ಶೆಡ್ಡು ಹಾಕಿದೆ. ಹೋದ ವರ್ಷ ಅವನೇ ಕೆಲಸ ಕೇಳಿಕೊಂಡು ಬಂದ. ಅವನ ಶೆಡ್ಡು ಮುಚ್ಚಿತ್ತು. ಕೊಟ್ಟೆ. ಕರುಣೆಯಿಂದಲ್ಲ. ನಾಲ್ಕು ಜನರೆದುರು ಅವನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲವೆಂದು ತೋರಿಸಬೇಕಿತ್ತು. ಅಂಥದೇ ಕಾರು ಬಂದ ದಿನ, ಅದರ ಮಾಲೀಕರು ನೋಡುತ್ತಿರುವಾಗಲೇ ಅವನನ್ನು ಹಿಂದಿನ ಎಡಮೂಲೆಗೆ ನಿಲ್ಲಿಸಿದೆ. ಮೂವರು ಹೂಂ ಅಂದರು. ಅವನು ಬಗ್ಗಿ ಪೈಪಿನ ಬುಡದ ಮೇಲೆ ಬೆರಳಾಡಿಸಿದ.

“ಇಲ್ಲಿ ವೆಲ್ಡಿಂಗ್ ಬಿಟ್ಟೈತ್ರಿ. ಎತ್ತಬ್ಯಾಡ್ರಿ” ಅಂದ, ಮೆಲ್ಲಗೆ, ನನಗೊಬ್ಬನಿಗೇ ಕೇಳುವ ಹಾಗೆ.

ಹೋಗಿ ನೋಡಿದೆ. ಬೆರಳುದ್ದ ಬಿರುಕು. ಅವನು ಹೇಳಿದ್ದು ನಿಜವೆಂದು ನನಗೆ ಇನ್ನಷ್ಟು ಸಿಟ್ಟು ಬಂತು. ಯಾಕೆ ನಿಲ್ಲಿಸಿದಿರಿ ಎಂದು ಮಾಲೀಕರು ಕೇಳಿದರು.

“ವೆಲ್ಡಿಂಗ್ ಬಿಟ್ಟೈತ್ರಿ, ಸರ್. ನಾನೇ ನೋಡಿದೆ. ಇವನ ಕಣ್ಣಿಗೆ ಬೀಳಲೇ ಇಲ್ಲ” ಎಂದೆ, ಇಡೀ ಶೆಡ್ಡಿಗೆ ಕೇಳುವಂತೆ.

ಅವನು ಸುಳ್ಳು ಎನ್ನಲಿ ಎಂದು ಕಾದೆ. ಎಂಟು ವರ್ಷದ ಬೈಗುಳ ನಾಲಿಗೆಯ ತುದಿಯಲ್ಲಿತ್ತು. ಅವನು ನನ್ನ ಮುಖ ನೋಡಿ, “ಗಾಡಿ ಉಳೀತಲ್ರಿ, ಸಾಕು” ಎಂದು ಗ್ರೈಂಡರ್ ತರಲು ಹೋದ.

ಅವತ್ತು ಅವನು ಬಾಯಿ ಮಾಡಿ ಜಗಳಕ್ಕೆ ಬಿದ್ದಿದ್ದರೆ ಕ್ಷಮಿಸಿಬಿಡುತ್ತಿದ್ದೆನೇನೋ. ಇನ್ನು ಯಾವತ್ತೂ ಕ್ಷಮಿಸುವುದಿಲ್ಲ.